ಹರಿಹರದಿಂದ ಜಾಮೀನುದಾರನನ್ನು ಕರೆತಂದ ದಿನ

ಬೆಳಿಗ್ಗೆ ಎಂಟೂಕಾಲಿಗೆ ನಿಟ್ಟುವಳ್ಳಿಯಿಂದ ಆಟೋ ಹಿಡಿದು ದಾವಣಗೆರೆ ಬಸ್ ನಿಲ್ದಾಣದಲ್ಲಿ ಇಳಿದಾಗ, ಶಮೀಮ್ ನನಗಿಂತ ಮೊದಲೇ ಬಂದು ಹರಿಹರದ ಬಸ್ಸುಗಳು ನಿಲ್ಲುವ ಕಡೆ ನಿಂತಿದ್ದಳು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಒಳಗೆ ಏನೆಂದು ಕೇಳಿದರೆ ತೆರೆದೇ ತೋರಿಸಿದಳು. ಗಂಡನ ಪ್ಯಾಂಟು, ಇಸ್ತ್ರಿ ಮಾಡಿದ ನೀಲಿ ಚೌಕಳಿ ಅಂಗಿ.

"ಇವತ್ತು ಬಿಡ್ತಾರಲ್ಲ ಟೀಚರ್, ಅದಕ್ಕೆ ತಂದೀನಿ."

ನನಗೆ ಸಿಟ್ಟು ಬಂತು. ಇದೇ ಅಂಗಿಯನ್ನು ಇದೇ ಚೀಲದಲ್ಲಿ ಅವಳು ಹಿಂದೆ ಎರಡು ಸಲ ತಂದು, ಎರಡು ಸಲವೂ ವಾಪಸು ಒಯ್ದಿದ್ದಳು. ಸಿಟ್ಟು ಅವಳ ಮೇಲಲ್ಲ, ಆದರೆ ಎದುರಿಗಿದ್ದವಳು ಅವಳೇ. "ಮೊದಲು ಬಸ್ ಹತ್ತು" ಎಂದೆ.

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ನಿವೃತ್ತಿಯ ಮೇಲೆ ಸುಮ್ಮನೆ ಮನೆಯಲ್ಲಿರದೆ, ಜೈಲಿನಲ್ಲಿರುವವರ ಮನೆಯವರಿಗೆ ಅರ್ಜಿ ಬರೆದುಕೊಡುವ, ಭೇಟಿಯ ದಿನ ತಿಳಿಸುವ, ವಕೀಲರ ಹತ್ತಿರ ಕರೆದೊಯ್ಯುವ ಐದಾರು ಜನರ ಒಂದು ಗುಂಪು ಸೇರಿಕೊಂಡೆ. ಗುಂಪಿಗೆ ಹೆಸರಿಲ್ಲ, ಬೋರ್ಡಿಲ್ಲ. ವಿನೋಬನಗರದ ಒಂದು ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಭಾನುವಾರ ಕೂರುತ್ತೇವೆ. ಶಮೀಮ್ ಅಲ್ಲಿಗೇ ಬಂದವಳು. ಗಂಡ ರಫೀಕ್ ಹರಿಹರದಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತಿಕೊಡುವ ಮೆಕ್ಯಾನಿಕ್. ದಾವಣಗೆರೆಯ ಒಂದು ಗೋದಾಮಿನಿಂದ ಕಳುವಾದ ತಾಮ್ರದ ತಂತಿ ಕೊಂಡಿದ್ದಾನೆ ಎಂಬ ಆರೋಪದ ಮೇಲೆ ಐದು ತಿಂಗಳಿನಿಂದ ಒಳಗಿದ್ದ. ಓಣಿಯವರ ಮಾತು ತಾಳದೆ ಅವಳು ವಿನೋಬನಗರದ ತವರಿಗೆ ಬಂದಿದ್ದಳು.

ಹೊಟ್ಟೆ ಉರಿಯುವ ಸಂಗತಿಯೆಂದರೆ, ಅವನಿಗೆ ಜಾಮೀನು ಮಂಜೂರಾಗಿ ಇಪ್ಪತ್ತಾರು ದಿನ ಕಳೆದಿತ್ತು. ಜಮೀನು ಇರುವ ಒಬ್ಬ ಜಾಮೀನುದಾರ ಕೋರ್ಟಿಗೆ ಬಂದು ಕಾಗದ ತೋರಿಸಿ ಸಹಿ ಹಾಕಿದರೆ ಅವನು ಹೊರಗೆ ಬರಬಹುದಿತ್ತು. ಒಪ್ಪಿದ ಇಬ್ಬರು ನೆಂಟರು ಕೊನೆಯ ಗಳಿಗೆಯಲ್ಲಿ ಕೈಕೊಟ್ಟರು. ಒಬ್ಬರಿಗೆ ಸೊಂಟನೋವು ಬಂತು, ಇನ್ನೊಬ್ಬರ ಫೋನೇ ಸತ್ತುಹೋಯಿತು. ಬಾಡಿಗೆ ಮನೆಯಲ್ಲಿರುವ ನನ್ನ ಹೆಸರಿನಲ್ಲಿ ಒಂದು ಗೇಣು ನೆಲವಿಲ್ಲ. ಮೂರನೆಯವರಾಗಿ ಸಿಕ್ಕವರು ಹಾಲಪ್ಪನವರು, ಹರಿಹರದ ರೈತರು, ರಫೀಕನ ಹಳೆಯ ಗಿರಾಕಿ. ಮರುದಿನದಿಂದ ಕೋರ್ಟಿಗೆ ದಸರಾ ರಜೆ. ರಜೆಯಲ್ಲಿ ತುರ್ತು ಕೆಲಸ ನೋಡಲು ಒಬ್ಬರು ಕೂರುತ್ತಾರಾದರೂ ನಮ್ಮ ಕೆಲಸ ಆಗುತ್ತದೆಂದು ನೆಚ್ಚಿಕೊಳ್ಳಬೇಡಿ ಎಂದು ನಮ್ಮ ವಕೀಲೆ ಸುಧಾ ಹೇಳಿದ್ದಳು. ಅಂದರೆ ಇವತ್ತೇ ಆಗಬೇಕು.

ಹರಿಹರ ಹದಿನಾಲ್ಕು ಕಿಲೋಮೀಟರು. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ, ಆದರೆ ಕಂಡಕ್ಟರನಿಗೆ ಆಧಾರ್ ತೋರಿಸಬೇಕು. ಶಮೀಮ್ ಚೀಲದ ತಳದಿಂದ ಕಾರ್ಡು ಹುಡುಕಿ ತೆಗೆಯುವಷ್ಟರಲ್ಲಿ ಬಸ್ಸು ಊರು ದಾಟಿತ್ತು. ಮುಂದಿನ ಸೀಟಿನ ಯುವಕನೊಬ್ಬ ಮೊಣಕೈತನಕ ತೋಳನ್ನು ಕಿಟಕಿಯಿಂದ ಹೊರಗೆ ಇಳಿಬಿಟ್ಟಿದ್ದ. "ಕೈ ಒಳಗೆ ತಗೊಳಪ್ಪ, ಲಾರಿ ಬಂದ್ರೆ ಕೈ ಅಲ್ಲೇ ಉಳಿತೈತೆ" ಎಂದು ಗದರಿದೆ. ಅವನು ತೆಗೆದುಕೊಂಡ. ನನ್ನ ಮಾತು ಆ ದಿನ ನಡೆದದ್ದು ಅದೊಂದೇ ಸಲ.

ಹರಿಹರ ನಿಲ್ದಾಣದಲ್ಲಿ ಮಂಡಕ್ಕಿ ಒಗ್ಗರಣೆ, ಒಂದೊಂದು ಮಿರ್ಚಿ ತಿಂದೆವು. ಶಮೀಮ್ ಮಿರ್ಚಿಯನ್ನು ಕಾಗದದಲ್ಲಿ ಸುತ್ತಿ ಚೀಲದೊಳಗಿಟ್ಟಳು. ಅಂಗಿಗೆ ಎಣ್ಣೆ ಹತ್ತುತ್ತದೆ ಎಂದು ನಾನೇ ಅದನ್ನು ಹೊರಗೆ ತೆಗೆದು ಅವಳ ಕೈಗೆ ಕೊಟ್ಟೆ. ಹಿಂದಿನ ರಾತ್ರಿ ಮಳೆ ಬಿದ್ದು ಬೆಳಿಗ್ಗೆ ಬಿಸಿಲು ಕಾದದ್ದರಿಂದ ವಿಪರೀತ ಧಗೆ. ಆಟೋದವನು ಎಂಬತ್ತು ಕೇಳಿದ, ಅರವತ್ತಕ್ಕೆ ಒಪ್ಪಿದ, ಅರ್ಧ ದಾರಿಯಲ್ಲಿ ಇನ್ನೊಬ್ಬರನ್ನು ಹತ್ತಿಸಿಕೊಂಡ.

ಹಾಲಪ್ಪನವರು ಬಿಳಿ ಅಂಗಿ, ಟೋಪಿ ಹಾಕಿಕೊಂಡು ಕಟ್ಟೆಯ ಮೇಲೆ ತಯಾರಾಗಿ ಕೂತಿದ್ದರು. ನನ್ನ ಜೀವಕ್ಕೆ ತುಸು ಸಮಾಧಾನವಾಯಿತು. ಪಹಣಿ, ಆಧಾರ್, ರೇಷನ್ ಕಾರ್ಡು, ಮೂರು ಫೋಟೋ ಎಲ್ಲವನ್ನೂ ಒಂದೇ ಕವರಿನಲ್ಲಿ ಹಾಕಿ ಮನೆಯಲ್ಲಿ ಎಲ್ಲಕ್ಕಿಂತ ಭದ್ರವಾದ ಜಾಗದಲ್ಲಿಡಿ ಎಂದು ವಾರದಲ್ಲಿ ಮೂರು ಸಲ ಫೋನಿನಲ್ಲಿ ಹೇಳಿದ್ದೆ.

"ಕವರ್ ತಗೊಂಡ್ರಾ?" ಎಂದೆ.

ಅವರು ಟೋಪಿ ತೆಗೆದು ತಲೆ ಸವರಿಕೊಂಡರು. "ಐತ್ರಿ ಮೇಡಂ. ಭದ್ರವಾಗೇ ಐತೆ. ಒಳಗ ಬರ್ರಿ."

ಒಳಗೆ ಪಡಸಾಲೆಯ ತುದಿಯಲ್ಲಿ ದೇವರ ಜಗಲಿ. ನವರಾತ್ರಿಯ ಘಟ ಕೂರಿಸಿದ್ದರು. ಬುಟ್ಟಿಯ ಮಣ್ಣಿನಲ್ಲಿ ಬಿತ್ತಿದ ಧಾನ್ಯ ಬೆರಳುದ್ದ ಮೊಳಕೆ ಬಂದಿತ್ತು, ಅದರ ನಡುವೆ ಮಣ್ಣಿನ ಗಡಿಗೆ, ಮೇಲೆ ತೆಂಗಿನಕಾಯಿ, ಪಕ್ಕದಲ್ಲಿ ಒಂಬತ್ತು ದಿನವೂ ಆರದಂತೆ ಉರಿಯಬೇಕಾದ ದೀಪ. ಗಡಿಗೆಗೆ ಒರಗಿಸಿ, ಕುಂಕುಮ ಹಚ್ಚಿ ಇಟ್ಟಿದ್ದು ನಮ್ಮ ಕವರು.

ಎದುರಿಗೆ ಹಾಲಪ್ಪನವರ ತಾಯಿ ಗೌರಮ್ಮ ಕೂತಿದ್ದರು. ಎಂಬತ್ತು ದಾಟಿದವರು. "ಒಳ್ಳೆ ಕೆಲಸಕ್ಕೆ ಹೋಗೋ ಕಾಗ್ದ ಅಂದ ನನ್ನ ಮಗ. ಈ ಮನ್ಯಾಗ ಇದಕ್ಕಿಂತ ಭದ್ರದ ಜಾಗ ಇಲ್ಲ ತಂಗಿ. ಅದಕ್ಕ ಘಟದ ಮುಂದ ಇಟ್ಟೆ. ಇನ್ನ ಘಟ ಏಳೋವರೆಗೂ ಕದಲಿಸಂಗಿಲ್ಲ."

ಘಟ ಏಳಲು ಇನ್ನೂ ಐದು ದಿನವಿತ್ತು. ನನ್ನ ದನಿ ತುಸು ಜೋರಾಗಿಯೇ ಹೊರಟಿತು. ಪಹಣಿಯನ್ನಾದರೆ ಹೊಸದಾಗಿ ತೆಗೆಸಬಹುದು, ಮೂಲ ಆಧಾರ್, ರೇಷನ್ ಕಾರ್ಡುಗಳನ್ನು ಎಲ್ಲಿಂದ ತರಲಿ ಎಂದೆ. ಕಾಗದಕ್ಕೂ ದೇವರಿಗೂ ಏನು ಸಂಬಂಧ ಎಂದೆ. ಹಾಲಪ್ಪನವರು ಗೋಡೆ ನೋಡುತ್ತಿದ್ದರು. ಕೋರ್ಟಿನಲ್ಲಿ ಸಹಿ ಹಾಕಲು ಹೆದರದ ಮನುಷ್ಯ ತಾಯಿಯ ಮುಂದೆ ಬಾಯಿ ಬಿಡಲಾರದೆ ನಿಂತಿದ್ದರು. ಎಲ್ಲಕ್ಕಿಂತ ಭದ್ರವಾದ ಜಾಗದಲ್ಲಿಡಿ ಎಂದು ಮೂರು ಸಲ ಹೇಳಿದವಳು ನಾನೇ ಎಂಬುದು ನೆನಪಾಗಿ ನನ್ನ ಸಿಟ್ಟು ಇಮ್ಮಡಿಯಾಯಿತು.

ಶಮೀಮ್ ಹೊಸ್ತಿಲಾಚೆಯೇ ನಿಂತಿದ್ದಳು. ಒಳಗೆ ಬಾ ಎಂದರೂ ಬರಲಿಲ್ಲ. "ಇರ್ಲಿ ಬಿಡ್ರಿ ಟೀಚರ್. ಅಜ್ಜಿ ದೇವರಿಗೆ ಇಟ್ಟಾರ" ಎಂದಳು. ಅವಳ ದನಿಯಲ್ಲಿ ದೂರಿರಲಿಲ್ಲ. ಅದೇ ನನಗೆ ಸಹಿಸಲಾಗಲಿಲ್ಲ. ಇಷ್ಟು ತಿಂಗಳು ಕೋರ್ಟು, ಜೈಲಿನ ಎಲ್ಲ ಕಿಟಕಿಗಳ ಮುಂದೆಯೂ ಅವಳು ಹೇಳಿದ್ದು ಇದೇ, ಇರಲಿ ಬಿಡ್ರಿ.

ಗೌರಮ್ಮ ಅವಳನ್ನೇ ನೋಡಿ, "ಅಮ್ಮನ್ನೇ ಕೇಳ್ತೀನಿ ತಡಿ" ಎಂದರು. ಗಡಿಗೆಯ ಮೇಲಿನ ತೆಂಗಿನಕಾಯಿಗೆ ಒಂದು ಸೇವಂತಿಗೆಯನ್ನು ಒತ್ತಿ ನಿಲ್ಲಿಸಿದರು. ಹೂ ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಬೇಡ. ಕೈಮುಗಿದು ಕೂತರು. ನಾವೂ ಕೂತೆವು.

ಹತ್ತೂವರೆ ಆಯಿತು. ಹೂ ಬೀಳಲಿಲ್ಲ. ಸುಧಾ ಎರಡು ಸಲ ಫೋನು ಮಾಡಿದಳು. ಹೂ ಬೀಳುವುದನ್ನು ಕಾಯುತ್ತಿದ್ದೇವೆ ಎಂದು ವಕೀಲರಿಗೆ ಹೇಗೆ ಹೇಳುವುದು? ಬರುತ್ತಿದ್ದೇವೆ ಎಂದು ಸುಳ್ಳು ಹೇಳಿದೆ. ಹನ್ನೊಂದೂವರೆ ಆಯಿತು. ಸೇವಂತಿಗೆ ಅಂಟು ಹಾಕಿದಂತೆ ಕೂತಿತ್ತು. ನನ್ನ ಬೆನ್ನು ಬೆವತು ಸೀರೆ ಅಂಟಿತ್ತು. ಎದ್ದು ಹೋಗಿ ಫ್ಯಾನಿನ ಸ್ವಿಚ್ಚು ಹಾಕಿದೆ. ಸೆಖೆಗೆ ಹಾಕಿದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಈಗ ಓದುವವರಿಗೆ ಸುಳ್ಳು ಹೇಳುವುದಿಲ್ಲ, ಬರೀ ಸೆಖೆಗಾಗಿ ಹಾಕಿದ್ದಲ್ಲ.

ಫ್ಯಾನು ಒಂದೇ ಏಟಿಗೆ ಜೋರಾಗಿ ತಿರುಗಿತು. ಹೂ ಉದುರಿತು, ಎಡಕ್ಕೆ. ಅದರ ಜೊತೆಗೇ ದೀಪದ ಕುಡಿ ಬಾಗಿ ನೀಲಿಯಾಗಿ ಇನ್ನೇನು ಆರಬೇಕು ಎನ್ನುವಷ್ಟರಲ್ಲಿ, ಹೊಸ್ತಿಲಾಚೆಯಿದ್ದ ಶಮೀಮ್ ಚೀಲ ಬಿಸಾಕಿ ಓಡಿಬಂದು ಮಂಡಿಯೂರಿ ಎರಡೂ ಕೈ ಬೊಗಸೆ ಮಾಡಿ ದೀಪಕ್ಕೆ ಮರೆ ಹಿಡಿದಳು. ಹಾಲಪ್ಪನವರು ಫ್ಯಾನು ಆರಿಸಿದರು. ಕುಡಿ ನೆಟ್ಟಗಾಯಿತು. ಆಗ ಅವಳಿಗೆ ತಾನೆಲ್ಲಿದ್ದೇನೆಂಬುದು ಹೊಳೆದಿರಬೇಕು. "ತಪ್ಪಾತು ಅಜ್ಜಿ" ಎಂದು ಹಿಂದೆ ಸರಿದಳು. ಅಂಗೈ ಕೆಂಪಾಗಿತ್ತು.

ಗೌರಮ್ಮ ಬಿದ್ದ ಹೂವನ್ನು ತೆಗೆದು ಪಕ್ಕಕ್ಕಿಟ್ಟರು. "ಫ್ಯಾನ್ ಗಾಳಿಗೆ ಬಿದ್ದದ್ದು ಲೆಕ್ಕಕ್ಕಿಲ್ಲ" ಎಂದರು ನನ್ನತ್ತ ನೋಡದೆ. ಆಮೇಲೆ ಗಡಿಗೆಗೆ ಕೈಮುಗಿದು ಕವರನ್ನು ಎತ್ತಿ ಶಮೀಮಳ ಕೈಗೇ ಕೊಟ್ಟರು. "ಅಪ್ಪಣೆ ಆತು. ತಗೊಂಡ್ ಹೋಗವ್ವ. ಸಂಜಿ ಆರತಿ ಹೊತ್ತಿಗೆ ಇದು ಇಲ್ಲಿ ವಾಪಸ್ ಇರಬೇಕು. ನಿನ್ನ ಗಂಡನ್ನ ಮೊದ್ಲು ಇಲ್ಲಿಗೆ ಕರ್ಕೊಂಡ್ ಬಾ. ಊಟ ಇಲ್ಲೇ."

ಬಸ್ಸಿನಲ್ಲಿ ಸುಧಾ ಫೋನಿನ ಮೂಲಕ ಹಾಲಪ್ಪನವರಿಗೆ ಪಾಠ ಹೇಳಿದಳು. ನ್ಯಾಯಾಧೀಶರು ಕೇಳಿದ್ದಕ್ಕಷ್ಟೇ ಉತ್ತರ, ಹೆಚ್ಚಿಗೆ ಒಂದು ಮಾತೂ ಬೇಡ. ಅವರು ಹೂಂ ಹೂಂ ಎಂದರು. ಒಂದೂಕಾಲಿಗೆ ಕೋರ್ಟು ಮುಟ್ಟಿದೆವು. ರಜೆಯ ಹಿಂದಿನ ದಿನವಾದ್ದರಿಂದ ಜಾತ್ರೆಯಷ್ಟು ಜನ. ಕೂರಲು ಬೆಂಚಿಲ್ಲದೆ ಬೇವಿನ ಮರದ ಕೆಳಗೆ ನಿಂತೆವು. ನಮ್ಮನ್ನು ಕೂಗಿದ್ದು ನಾಲ್ಕಕ್ಕೆ ಹತ್ತು ನಿಮಿಷವಿರುವಾಗ.

"ಆರೋಪಿ ನಿಮಗೆ ಹೇಗೆ ಗೊತ್ತು?" ಎಂದು ನ್ಯಾಯಾಧೀಶರು ಕೇಳಿದರು.

ಹನ್ನೆರಡು ವರ್ಷದ ಪರಿಚಯ ಎಂದರೆ ಸಾಕಿತ್ತು. ಹಾಲಪ್ಪನವರು ಗಂಟಲು ಸರಿಮಾಡಿಕೊಂಡರು. "ನನ್ನ ಮೋಟಾರ್ ಹನ್ನೆರಡು ವರ್ಷದಿಂದ ಅವನ ಕೈಯಾಗೈತ್ರಿ. ಸುಟ್ಟ ತಂತಿ ಬಿಚ್ಚಿದ್ರೆ ಉಳಿದೋರು ತಾವೇ ಇಟ್ಕೊಂತಾರ. ಇವ ಒಬ್ಬ ತೂಕ ಮಾಡಿ ಚೀಲದಾಗ ಹಾಕಿ ವಾಪಸ್ ಕೊಡ್ತಾನ. ತಾಮ್ರ ಬೇಕಾಗಿದ್ರೆ ನನ್ನದೇ ಇಟ್ಕೊಬಹುದಿತ್ತಲ್ರಿ."

ಸುಧಾ ಕಣ್ಣು ಮುಚ್ಚಿಕೊಂಡಳು. ನಾನು ಹಲ್ಲು ಕಚ್ಚಿದೆ. "ಕೇಳಿದ್ದಕ್ಕೆ ಮಾತ್ರ ಹೇಳಿ" ಎಂದರು ನ್ಯಾಯಾಧೀಶರು. ಕಾಗದಗಳನ್ನು ತಿರುವಿ, ಕವರಿನ ಕುಂಕುಮದ ಕಲೆಯನ್ನು ಒಂದು ಕ್ಷಣ ನೋಡಿ, ಒಪ್ಪಿದರು.

ನಾಲ್ಕೂಮುಕ್ಕಾಲು. ನಕಲು ಉಳಿಸಿಕೊಂಡು ಮೂಲ ಕಾಗದಗಳನ್ನು ವಾಪಸು ಕೊಟ್ಟರು. ಹಾಲಪ್ಪನವರು ಇನ್ನೂ ಕಚೇರಿಯಲ್ಲಿ ಮುಚ್ಚಳಿಕೆಗೆ ಸಹಿ ಹಾಕುವುದಿತ್ತು. ಬಿಡುಗಡೆಯ ಆದೇಶದ ಹಿಂದೆ ಸುಧಾ ಓಡಬೇಕು. ಶಮೀಮ್ ಜೈಲಿನ ಬಾಗಿಲಿಗೆ ಹೋಗಬೇಕು. ಕೆಲಸವಿಲ್ಲದವಳು ನಾನೊಬ್ಬಳೇ. ಎಲ್ಲರೂ ಕವರನ್ನೂ ನನ್ನನ್ನೂ ನೋಡಿದರು.

ಹೀಗೆ, ಐದು ತಿಂಗಳು ಅಲೆದು, ಮನುಷ್ಯ ಹೊರಗೆ ಬರುವ ಗಳಿಗೆಯಲ್ಲಿ ನಾನು ಒಂದು ಪ್ಲಾಸ್ಟಿಕ್ ಕವರು ಎದೆಗವಚಿಕೊಂಡು ಹರಿಹರದ ಬಸ್ಸಿನಲ್ಲಿ ನಿಂತಿದ್ದೆ. ದೇವರು, ಕೋರ್ಟು, ಸಾರಿಗೆ ಎಲ್ಲವನ್ನೂ ಮನಸ್ಸಿನಲ್ಲೇ ಬೈದೆ. ರಫೀಕನನ್ನು ನಾನು ನೋಡಿದ್ದು ಎರಡೇ ಸಲ, ಅದೂ ಭೇಟಿಯ ಕೋಣೆಯ ಜಾಲರಿಯ ಆಚೆಯಿಂದ, ಚೂರುಚೂರಾಗಿ.

ಆರತಿಗೆ ಐದು ನಿಮಿಷ ಮೊದಲು ಮುಟ್ಟಿದೆ. ಗೌರಮ್ಮ ಕವರನ್ನು ಮೊದಲಿದ್ದ ಜಾಗದಲ್ಲೇ ಒರಗಿಸಿದರು. ಒಳಗೆ ಹೋಳಿಗೆಯ ವಾಸನೆ. "ಕೂಡು ತಂಗಿ, ಅವರು ಬರಲಿ, ಎಲ್ಲಾರೂ ಉಂಡು ಹೋಗೀರಂತ" ಎಂದರು. ಶಮೀಮಳಿಗೆ ಫೋನು ಹಚ್ಚಿದರೆ ಸ್ವಿಚ್ ಆಫ್. ಹಾಲಪ್ಪನವರದು ರಿಂಗಾಗಿ ನಿಂತಿತು. ಆದೇಶ ತಲುಪುವುದು ತಡವಾದರೆ ಬಿಡುವುದು ಮರುದಿನ ಬೆಳಿಗ್ಗೆಯೇ. ನನ್ನ ಅನುಭವ ಹೇಳುವುದು ಅದನ್ನೇ.

"ಇವತ್ತು ಬಿಡೋದಿಲ್ಲ ಅಮ್ಮ. ನಾಳೆ ಆಗ್ತದೆ."

"ಯಾಕ ಹಂಗಂತಿ? ಹೋಳಿಗಿ ಮಾಡೀನಿ" ಎಂದರು ಅವರು, ಹೋಳಿಗೆ ಮಾಡಿದ ಮೇಲೆ ಬಿಡದೆ ಹೇಗಿರುತ್ತಾರೆ ಎಂಬಂತೆ. ಎರಡು ಹೋಳಿಗೆಯನ್ನು ಎಲೆಯಲ್ಲಿ ಕಟ್ಟಿಕೊಟ್ಟರು. ಬಾಗಿಲತನಕ ಬಂದು, "ಫ್ಯಾನ್ ಹಾಕಿದ್ದು ಸೆಖೆಗೆ ಅಲ್ಲ, ನಂಗೊತ್ತೈತೆ" ಎಂದರು.

ಏಳೂಕಾಲಿನ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಬಸ್ಸು ನಿಲ್ದಾಣದಿಂದ ಹೊರಬೀಳುವಾಗ ದಾವಣಗೆರೆಯಿಂದ ಬಂದ ಬಸ್ಸು ಎದುರಿನಿಂದ ಒಳಗೆ ತಿರುಗುತ್ತಿತ್ತು. ಎರಡೂ ಆಮೆಯಂತೆ ಒಂದರ ಪಕ್ಕ ಒಂದು ಸರಿದವು. ಆ ಬಸ್ಸಿನ ಕಿಟಕಿಯಿಂದ ಯಾರದೋ ತೋಳು ಹೆಗಲತನಕ ಹೊರಗೆ ಚಾಚಿತ್ತು, ಅಗಲಿಸಿದ ಬೆರಳುಗಳು ಗಾಳಿಗೆ ಒಡ್ಡಿಕೊಂಡಿದ್ದವು. ಕೈ ಒಳಗೆ ತಗೊಳಪ್ಪ ಎನ್ನಲು ಬಾಯಿ ತೆರೆದೆ. ಅಂಗಿ ನೀಲಿ ಚೌಕಳಿಯದು. ಇಸ್ತ್ರಿಯ ಗೆರೆ ಇನ್ನೂ ಮುರಿದಿರಲಿಲ್ಲ.

ಅವನ ಆಚೆ ಶಮೀಮ್, ಅವಳ ತೊಡೆಯ ಮೇಲೆ ಖಾಲಿ ಚೀಲ, ಹಿಂದೆ ಹಾಲಪ್ಪನವರ ಬಿಳಿ ಟೋಪಿ. ಯಾರೂ ನನ್ನನ್ನು ನೋಡಲಿಲ್ಲ. ಅವನು ಅಂಗಡಿಗಳ ದೀಪ ನೋಡುತ್ತಿದ್ದ.

"ನಿಲ್ಸಪ್ಪ, ಇಳಿಬೇಕು" ಎಂದು ಎದ್ದೆ.

"ಸ್ಟ್ಯಾಂಡ್ ಬಿಟ್ಟಾತು. ಇಲ್ಲಿ ನಿಲ್ಸಂಗಿಲ್ರಿ" ಎಂದ ಕಂಡಕ್ಟರ್. ಡ್ರೈವರ್ ಗೇರು ಬದಲಿಸಿದ. ಇವರೆಲ್ಲರ ಮೇಲೂ ಬಂದ ಕೋಪಕ್ಕಿಂತ, ಹೋಳಿಗೆ ಮಾಡಿದ ಮುದುಕಿಯಷ್ಟೂ ಅಂಗಿ ಇಸ್ತ್ರಿ ಮಾಡಿದ ಹುಡುಗಿಯಷ್ಟೂ ನಂಬದೆ ಹೋದ ನನ್ನ ಮೇಲೆ ಬಂದ ಕೋಪ ದೊಡ್ಡದಾಗಿತ್ತು. ಕಿಟಕಿಯಿಂದ ಹೊರಗೆ ಬಗ್ಗಿ ಹಿಂದೆ ನೋಡಿದೆ. ಅವರ ಬಸ್ಸು ನಿಂತಿತ್ತು, ಆ ಕೈ ಇನ್ನೂ ಹೊರಗೇ ಇತ್ತು.

"ಮೇಡಂ, ತಲಿ ಒಳಗ ತಗೊಳ್ರಿ, ಲಾರಿ ಬರ್ತಾವ" ಎಂದು ಕಂಡಕ್ಟರ್ ಗದರಿದ. ಆ ಬಸ್ಸು ಕಣ್ಮರೆಯಾಗುವವರೆಗೆ ನಾನು ತೆಗೆದುಕೊಳ್ಳಲಿಲ್ಲ.