ಜೋಳದ ವಾರದ ಪಾಠ

ಚಿಕ್ಕ ಮಕ್ಕಳಿಗೆ ಪಾಠ ಹೇಳುವುದು ಸುಲಭ ಎಂದು ಯಾರಾದರೂ ಅಂದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಹೇಳುವುದಿರಲಿ, ನಾಳೆ ಏನು ಹೇಳಬೇಕೆಂದು ಇವತ್ತು ಕೂತು ಬರೆದಿಡುವುದರಲ್ಲೇ ನನ್ನ ಅರ್ಧ ಜೀವ ಹೋಗುತ್ತಿತ್ತು. ಅದೂ ಎರಡೆರಡು ಸಲ. ತನಿಖೆಗೆ ಬರುವ ಸಾಹೇಬರಿಗೆ ಉರ್ದುವಿನಲ್ಲಿ ಒಂದು, ನನಗೆ ಕನ್ನಡದಲ್ಲಿ ಒಂದು. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು ಅವು. ಸಗರದಿಂದ ಒಂದು ಹರದಾರಿ ದೂರದ ಹಳ್ಳಿಯಲ್ಲಿ, ಯಾರೋ ಬಿಟ್ಟುಕೊಟ್ಟ ಹಳೆಯ ಪಡಸಾಲೆಯಲ್ಲಿ, ನಾನೊಬ್ಬನೇ ಮಾಸ್ತರ. ವಯಸ್ಸು ಇಪ್ಪತ್ತಾರು. ದಣಿವು ನೋಡಿದವರು ಅರವತ್ತು ಅನ್ನುತ್ತಿದ್ದರು.

ತರಬೇತಿಯಲ್ಲಿ ನಮಗೊಂದು ಹೊಸ ಮಾತು ಹೇಳಿಕೊಟ್ಟಿದ್ದರು. ಅಕ್ಷರಕ್ಕೆಂದೇ ಬೇರೆ ಗಂಟೆ ಇಡಬೇಡಿ. ಲೆಕ್ಕದಲ್ಲೂ ಅಕ್ಷರ ಬರಲಿ, ಗಿಡಮರದ ಪಾಠದಲ್ಲೂ ಬರಲಿ, ಹಾಡಿನಲ್ಲೂ ಕೈಗೆಲಸದಲ್ಲೂ ಬರಲಿ ಎಂದು. ಕೇಳುವಾಗ ಚೆನ್ನಾಗಿತ್ತು. ಹೇಳಿದ ಪುಣ್ಯಾತ್ಮರು ಬಹುಶಃ ನಲವತ್ತು ಮಕ್ಕಳ ಮುಂದೆ ಒಬ್ಬರೇ ನಿಂತವರಲ್ಲ. ಆದರೂ ನಾನು ನಂಬಿದೆ. ಹಿಂಗಾರಿ ಜೋಳ ಎದೆಮಟ್ಟ ಬೆಳೆದಿದ್ದ ಕಾಲ. ಒಂದು ವಾರವಿಡೀ ಜೋಳವನ್ನೇ ಇಟ್ಟುಕೊಂಡು ಪಾಠ ಕಟ್ಟಿದೆ. ಕಾಳು ಎಣಿಸಿದರೆ ಲೆಕ್ಕ. ಹೊಲಕ್ಕೆ ಕರೆದುಕೊಂಡು ಹೋಗಿ ಬೇರು, ದಂಟು, ಗರಿ, ತೆನೆ ತೋರಿಸಿ, ಬಂದಮೇಲೆ ಅವೇ ಮಾತುಗಳನ್ನು ಹಲಗೆಯ ಮೇಲೆ ಬರೆದರೆ ಓದು. ದಂಟಿನ ಗಾಡಿ ಮಾಡಿ, ಗಾಲಿಗೊಂದು ಅಕ್ಷರ ಅಂಟಿಸಿದರೆ ಕೈಗೆಲಸ. ಹಾಡು ನಾನು ಹುಡುಕಬೇಕಾಗಲಿಲ್ಲ. ಅವ್ವಂದಿರು ಬೀಸುವಾಗ ಹಾಡುವುದನ್ನೇ ಮಕ್ಕಳು ಹೊತ್ತುಕೊಂಡು ಬಂದರು.

ತೊಡಕು ಇದ್ದದ್ದು ಲಿಪಿಯಲ್ಲಿ. ಕನ್ನಡ ಎಡದಿಂದ, ಉರ್ದು ಬಲದಿಂದ; ಅದೇ ಉರ್ದುವಿನಲ್ಲಿ ಅಂಕಿ ಮಾತ್ರ ಮತ್ತೆ ಎಡದಿಂದ. ಮೊದಲೆಲ್ಲ ಎರಡನ್ನೂ ಬೇರೆ ಬೇರೆ ಹೊತ್ತಿನಲ್ಲಿ ಕಲಿಸುತ್ತಿದ್ದೆ, ಮಕ್ಕಳು ಹೇಗೋ ಸರಿದೂಗಿಸಿಕೊಳ್ಳುತ್ತಿದ್ದರು. ಈಗ ಎಲ್ಲವನ್ನೂ ಕೂಡಿಸುವ ಹುಮ್ಮಸ್ಸಿನಲ್ಲಿ ಒಂದೇ ತೆನೆಯ ಚಿತ್ರದ ಕೆಳಗೆ ಮೊದಲು ಉರ್ದುವಿನಲ್ಲಿ ಜವಾರ್ ಎಂದು, ಅದರ ಬೆನ್ನಿಗೇ ಕನ್ನಡದಲ್ಲಿ ಜೋಳ ಎಂದು ಬರೆಸತೊಡಗಿದೆ. ಯಾವುದನ್ನು ಯಾವ ಕಡೆಯಿಂದ ಶುರುಮಾಡಬೇಕು ಎಂಬುದಕ್ಕೆ ನನ್ನ ಯೋಜನೆಯಲ್ಲಿ ಒಂದು ಸಾಲೂ ಇರಲಿಲ್ಲ. ನನಗೆ ಗೊತ್ತಿದ್ದದ್ದು ಮಕ್ಕಳಿಗೂ ಗೊತ್ತಿರುತ್ತದೆ ಅಂದುಕೊಂಡಿದ್ದೆ. ನಲವತ್ತು ಪಾಟಿಗಳನ್ನು ಒಂದೊಂದಾಗಿ ನೋಡುವ ಪುರುಸೊತ್ತೂ ಆ ವಾರ ನನಗಿರಲಿಲ್ಲ.

ಆ ನಲವತ್ತರಲ್ಲಿ ಏಳು ವರ್ಷದ ಹುಡುಗಿಯೊಬ್ಬಳಿದ್ದಳು. ಲೆಕ್ಕದ ಕಾಳುಗಳನ್ನು ಕೊಟ್ಟರೆ ಎಣಿಸಿ ಮುಗಿಸಿ, ಅವೇ ಕಾಳುಗಳಿಂದ ನೆಲದ ಮೇಲೆ ಅಕ್ಷರ ಮೂಡಿಸುತ್ತ ಕೂಡುತ್ತಿದ್ದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ನನಗೆ ಅವಳ ಮೇಲೆ ಬಹಳ ಭರವಸೆ ಇತ್ತು. ಅವಳ ಅಪ್ಪ ಒಕ್ಕಲುತನದವ, ನೇರ ಮಾತಿನ ಮನುಷ್ಯ. ತೆನೆಗೆ ಹಾಲು ತುಂಬಿದರೆ ಹಕ್ಕಿ ಕಾಯಲು ಮನೆಯಲ್ಲಿ ಇವಳನ್ನು ಬಿಟ್ಟರೆ ಯಾರೂ ಇಲ್ಲ ಎಂದು ಮೊದಲೇ ಬಂದು ಹೇಳಿದ್ದ. ಸಾಹೇಬರು ಬಂದ ದಿನ ತಾನೂ ಬಂದು ನೋಡುವುದಾಗಿಯೂ, ಮಗಳಿಗೆ ಅಕ್ಷರ ಬರುತ್ತದೆ ಅನ್ನಿಸಿದರೆ ಹಕ್ಕಿ ಕಾಯುವುದನ್ನು ತಾನೇ ನೋಡಿಕೊಂಡು ಅವಳನ್ನು ಶಾಲೆಯಲ್ಲೇ ಬಿಡುವುದಾಗಿಯೂ, ಇಲ್ಲವಾದರೆ ಬಿಡಿಸುವುದಾಗಿಯೂ ಹೇಳಿದ. ನಾನು ಒಪ್ಪಿದೆ. ಬರುತ್ತದೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ತನಿಖೆಯ ದಿನ ಸಾಹೇಬರು ಶಹಾಪುರದಿಂದ ಟಾಂಗಾದಲ್ಲಿ ಬಂದರು. ಜೊತೆಗೆ ಸುರಪುರದ ಕಡೆಯ ಒಬ್ಬ ಗುಮಾಸ್ತ, ಕನ್ನಡ ಬಲ್ಲವನು. ಸಾಹೇಬರಿಗೆ ಕನ್ನಡ ಅಕ್ಷರಗಳು ಬಿಡಿಬಿಡಿಯಾಗಿ ಗುರುತು ಸಿಗುತ್ತಿದ್ದವು, ಅಷ್ಟೇ. ನನ್ನ ಉರ್ದು ಯೋಜನೆಯ ಹಾಳೆಗಳನ್ನು ತಿರುವಿ ತಲೆದೂಗಿದರು. ಬಾಗಿಲಲ್ಲಿ ನಿಂತಿದ್ದ ನಾಲ್ಕಾರು ಹಿರಿಯರ ನಡುವೆ ಹುಡುಗಿಯ ಅಪ್ಪನೂ ಇದ್ದ. ಅವನ ಕಣ್ಣಿಗೆ ಬೀಳಲೆಂದೇ ನಾನು ಅವಳನ್ನು ಹಲಗೆಗೆ ಕರೆದು ಜೋಳ ಎಂದು ಬರೆಯಲು ಹೇಳಿದೆ.

ಅವಳು ಹಲಗೆಯ ಬಲತುದಿಯಲ್ಲಿ ದುಂಡಗೆ ಜೋ ಬರೆದಳು. ಅದರ ಎಡಕ್ಕೆ ಳ ಬರೆದಳು. ಸಾಹೇಬರು ತಮ್ಮ ರೂಢಿಯಂತೆ ಬಲದಿಂದಲೇ ಬೆರಳಿಟ್ಟು ಓದಿದರು, ಜೋ, ಳ. ಶಾಬಾಸ್ ಬೇಟಿ ಅಂದರು. ಅವಳ ಅಪ್ಪನ ಮುಖ ಅರಳಿದ್ದು ಕಂಡಿತು. ಅವನಿಗೆ ಓದು ಬರದು, ಆದರೆ ಶಾಬಾಸ್ ಎಂಬ ಮಾತು ಯಾರಿಗೆ ತಿಳಿಯುವುದಿಲ್ಲ?

ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ಗುಮಾಸ್ತ ಹಲಗೆ ನೋಡಿ, ನನ್ನನ್ನು ನೋಡಿ, ಮೀಸೆಯಲ್ಲಿ ನಕ್ಕ. ನನಗೆ ಮೈಯೆಲ್ಲ ಉರಿಯಿತು. ಒಂದು ವಾರದ ಪಾಠಕ್ಕೆಂದು ಮೂರು ವಾರ ಕಣ್ಣು ಉರಿಸಿಕೊಂಡು ಬರೆದದ್ದೆಲ್ಲ ಅವನ ಒಂದು ನಗೆಗೆ ಹೋಯಿತಲ್ಲ ಎಂದು. ಗಲತ್ ಹೈ ಹುಜೂರ್, ತಪ್ಪು ಬರೆದಿದ್ದಾಳೆ ಎಂದು ಸಾಹೇಬರಿಗೆ ಹೇಳಿ, ಹುಡುಗಿಯ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡೆ.

"ಅಳಿಸು ಅದನ್ನ. ನಿನಗ ಇನ್ನಾ ಬರೂದಿಲ್ಲ, ಹೋಗಿ ಕುಂದ್ರು" ಅಂದೆ, ಪಡಸಾಲೆಗೆಲ್ಲ ಕೇಳುವಂತೆ.

ಅವಳು ಅಂಗೈಯಿಂದ ಅಳಿಸಿ ತನ್ನ ಜಾಗಕ್ಕೆ ಹೋದಳು. ಸಾಹೇಬರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಯೋಜನೆ ಬಹಳ ಮೆಚ್ಚಿಕೆಯಾಯಿತೆಂದೂ, ಅದರ ಒಂದು ನಕಲು ಶಹಾಪುರಕ್ಕೆ, ಒಂದು ಸುರಪುರಕ್ಕೆ ಕಳಿಸಬೇಕೆಂದೂ ಹೇಳಿ ಟಾಂಗಾ ಹತ್ತಿದರು. ಬಾಗಿಲ ಕಡೆ ನೋಡಿದರೆ ಅವಳ ಅಪ್ಪ ಆಗಲೇ ಹೋಗಿದ್ದ.

ಮರುದಿನ ಹುಡುಗಿ ಬರಲಿಲ್ಲ. ಉಳಿದವರಿಗೆಲ್ಲ ಪಾಟಿಯ ಮೇಲೆ ಜೋಳ ಎಂದು ಬರೆಯಲು ಹೇಳಿ ಸಾಲಾಗಿ ನೋಡುತ್ತ ಬಂದೆ. ಳಜೋ. ಮತ್ತೆ ಳಜೋ. ಅರ್ಧಕ್ಕರ್ಧ ಮಕ್ಕಳು ಹಾಗೇ ಬರೆದಿದ್ದರು. ಉರ್ದು ಬರೆದ ಕೈ ಅದೇ ದಾರಿಯಲ್ಲಿ ಮುಂದುವರಿದಿತ್ತು. ಅವರು ನಾನು ಕಲಿಸಿದ್ದನ್ನೇ ಬರೆದಿದ್ದರು. ನನಗೆ ಅವತ್ತು ಆದಷ್ಟು ನಾಚಿಕೆ ಮುಂದೆಂದೂ ಆಗಲಿಲ್ಲ. ಹಲಗೆಯ ಮೇಲೆ ಕನ್ನಡಕ್ಕೊಂದು ಬಾಣ, ಉರ್ದುವಿಗೊಂದು ಬಾಣ ಬರೆದೆ. ಎರಡೇ ದಿನಕ್ಕೆ ಎಲ್ಲರೂ ತಿದ್ದಿಕೊಂಡರು. ಎರಡು ದಿನದ ಕೆಲಸ ಅದು.

ಮೂರನೆಯ ದಿನ ಶಾಲೆ ಬಿಟ್ಟಮೇಲೆ ಅವರ ಹೊಲಕ್ಕೆ ನಡೆದೆ. ಕರಿಮಣ್ಣಿನ ದಾರಿ, ಕಾಲು ಎತ್ತಿಡುವುದಕ್ಕೂ ಬೇಸರ. ಹುಡುಗಿ ಅಟ್ಟಣಿಗೆಯ ಮೇಲೆ ಕವಣೆ ಹಿಡಿದು ನಿಂತಿದ್ದಳು. ನನ್ನನ್ನು ನೋಡಿದವಳೇ ಆ ಕಡೆ ತಿರುಗಿಕೊಂಡಳು. ಅವಳ ಅಪ್ಪ ಬದುವಿನ ಮೇಲೆ ಕಂಬಳಿ ಹಾಸಿ ಕೂಡಿಸಿದ, ಕುಡಿಯಲು ನೀರು ಕೊಟ್ಟ. ಎರಡು ಲಿಪಿ, ಎರಡು ದಿಕ್ಕು, ನನ್ನ ಯೋಜನೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳಿಗೆ ಅಕ್ಷರ ಬರುತ್ತದೆ, ಎಲ್ಲರಿಗಿಂತ ಚೆನ್ನಾಗಿ ಬರುತ್ತದೆ ಅಂದೆ.

"ತಪ್ಪು ಆಕಿದಲ್ರಿ, ನಂದದ. ನಾಳಿಂದ ಕಳಸ್ರಿ" ಅಂದೆ.

ಆತ ಕೊನೆಯವರೆಗೂ ಕೇಳಿದ. ಮುಖದಲ್ಲಿ ಸಿಟ್ಟು ಕಾಣಲಿಲ್ಲ. ನನ್ನ ಬಗ್ಗೆ ಮರುಕ ಪಟ್ಟಂತೆ ಕಂಡಿತು.

"ನೀವು ಕನಿಕರಕ್ಕ ಹೇಳಾಕತ್ತೀರಿ ಮಾಸ್ತರ್ರ. ಸಾಹೇಬ್ರು ದೊಡ್ಡವ್ರು, ಶಾಬಾಸ್ ಅಂತಾರ, ಹೋಗ್ತಾರ. ನೀವು ದಿನಾ ಆಕೀನ ನೋಡಾವ್ರು, ನೀವು ಬರೂದಿಲ್ಲ ಅಂದ್ರಿ. ನಾ ನಿಮ್ಮ ಮಾತು ನಂಬೀನ್ರಿ."