ತಾತನ ಕೋತ್ ನೋಡಿಬಂದೆ

ಹೋದ ಭಾನುವಾರ ಬೆಳಿಗ್ಗೆ ಆರೂವರೆಯ ಬಸ್ಸಿಗೆ ನಾನೂ ನಿಮ್ಮ ಗಂಗಜ್ಜಿಯೂ ಯಗಟಿಯಿಂದ ಹೊರಟೆವು. ಗಂಗಜ್ಜಿ ನಿಮ್ಮ ತಾತನ ತಂಗಿ, ನನ್ನ ನಾದಿನಿ. ಅವಳ ಬಾಯಿ ಜೋರು, ನನಗೆ ಬಾಯೇ ಇಲ್ಲ. ಅದಕ್ಕೇ ಜೊತೆಗೆ ಕರೆದುಕೊಂಡೆ. ಆಧಾರ್ ಕಾರ್ಡು ತೋರಿಸಿದ್ದಕ್ಕೆ ಕಂಡಕ್ಟರು ಇಬ್ಬರಿಗೂ ಸೊನ್ನೆ ರೂಪಾಯಿಯ ಚೀಟಿ ಕೊಟ್ಟರು. ಮೋಡವಿತ್ತು, ಮಳೆ ಇರಲಿಲ್ಲ. ದಾರಿಯುದ್ದಕ್ಕೂ ರಾಗಿ ಪೈರು ಮೊಳಕಾಲೆತ್ತರ ಬಂದಿತ್ತು.

ಹೊರಟದ್ದು ಯಾಕೆಂದು ಮೊದಲೇ ಹೇಳಿಬಿಡುತ್ತೇನೆ. ತರೀಕೆರೆಯಲ್ಲಿ ಮೀಸಲು ದಳದ ಆಯುಧ ಕೋಣೆಯ ಗೋಡೆಗೆ ಹೊಸ ಫಲಕ ಬರೆಸುತ್ತಿದ್ದಾರೆ. ಅಲ್ಲಿ ದುಡಿದವರ ಹೆಸರುಗಳಲ್ಲಿ ನಿಮ್ಮ ತಾತನದೂ ಇರುತ್ತದೆ. ಹೇಗೆ ಬರೆಯಬೇಕು ಎಂದು ಕೇಳಲು ದಳದ ಈಗಿನ ಮುಖ್ಯಸ್ಥೆ ಕವಿತಾ ಎಂಬುವರು ಫೋನ್ ಮಾಡಿದ್ದರು. ಅದೇ ವಾರ ನಮ್ಮ ಚೇತನ ಶಾಲೆಯಿಂದ ಅಂಗಿ ಹರಿದುಕೊಂಡು ಬಂದಿದ್ದ. ಯಾರೋ 'ಕೋತಿ ಬಸಪ್ಪನ ಮೊಮ್ಮಗ' ಎಂದರಂತೆ, ಇವನು ಹೊಡೆದನಂತೆ. ನಿಮ್ಮಪ್ಪನೂ ಚಿಕ್ಕವನಿದ್ದಾಗ ಅದೇ ಮಾತಿಗೆ ಅಳುತ್ತ ಮನೆಗೆ ಬಂದವನೇ. ಆ ಅಡ್ಡಹೆಸರು ಎಲ್ಲಿಂದ ಬಂತೆಂದು ನಾನು ತಾತನನ್ನು ಒಂದು ದಿನವೂ ಕೇಳಲಿಲ್ಲ. ನಾಚಿಕೆಯಾಗುತ್ತಿತ್ತು. ಗೋಡೆಯ ಮೇಲಾದರೂ ಅದು ಬರಬಾರದು ಎಂಬುದೊಂದೇ ನನ್ನ ಚಿಂತೆ. "ಫೋನಲ್ಲಿ ಹೇಳಕ್ಕಾಗಲ್ಲ ಕಣಮ್ಮ, ನಾನೇ ಬತ್ತೀನಿ" ಎಂದುಬಿಟ್ಟಿದ್ದೆ.

ಮೀಸಲು ದಳದವರು ಪೂರಾ ಸಿಪಾಯಿಗಳಲ್ಲ. ವಾರವೆಲ್ಲ ಹೊಲ, ಅಂಗಡಿ, ಶಾಲೆ ಎಂದು ತಮ್ಮ ತಮ್ಮ ಕೆಲಸ ಮಾಡಿಕೊಂಡು, ಭಾನುವಾರ ಖಾಕಿ ತೊಟ್ಟು ಕವಾಯತು ಮಾಡುವವರು. ಹೊಳೆ ಉಕ್ಕಿದರೆ, ಚುನಾವಣೆ ಬಂದರೆ, ಗಲಾಟೆಯಾದರೆ ಕರೆ ಬರುತ್ತದೆ. ಬಂದೂಕು ಇಡುವ ಕೋಣೆಯನ್ನು ಅವರ ಮಾತಿನಲ್ಲಿ 'ಕೋತ್' ಎನ್ನುತ್ತಾರೆ. ಅದರ ಬೀಗದ ಕೈ ನಿಮ್ಮ ತಾತನ ಹತ್ತಿರ ಇರುತ್ತಿತ್ತು. ಮದುವೆಯಾದ ಹೊಸದರಲ್ಲಿ ಅವರು "ಕೋತ್‌ಗೆ ಹೋಗ್ಬತ್ತೀನಿ" ಎಂದರೆ ನನಗೆ ಕೋರ್ಟು ಎಂದು ಕೇಳಿಸಿ, ಇದೇನು ವ್ಯಾಜ್ಯದ ಮನೆಗೆ ಬಂದೆನಪ್ಪಾ ಎಂದು ಹೆದರಿದ್ದೆ.

ಎಂಟು ಗಂಟೆಗೆ ಮುಂಚೆ ಕಡೂರು ತಲುಪಿದೆವು. ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತೆಗೆದುಕೊಂಡೆವು. ಇಡ್ಲಿ ಮೆತ್ತಗಿತ್ತು, ಚಟ್ನಿ ಖಾರ. ಎದುರಿನ ಬೆಂಚಿನಲ್ಲಿ ಕಾಫಿ ಕುಡಿಯುತ್ತಿದ್ದ ಮುದುಕರೊಬ್ಬರು ಮಾತಿಗೆ ಬಂದರು. ತಾವೂ ಒಂದು ಕಾಲದಲ್ಲಿ ಕಡೂರು ದಳದಲ್ಲಿದ್ದವರಂತೆ.

"ಯಗಟೀಲಿ ಯಾರ ಮನೆ ತಾಯಿ?"

ನಾನು ತಟ್ಟೆ ನೋಡುತ್ತ ಕುಳಿತೆ. ಗಂಗಜ್ಜಿ ಹೇಳಿದಳು, "ಬಸಪ್ಪನ ಮನೆಯೋರು. ನಾನು ತಂಗಿ, ಇವ್ರು ಅತ್ತಿಗೆ."

"ಓಹೋ! ನಮ್ ಕೋತಿ ಬಸಪ್ಪನ ಮನೆಯೋರಾ!" ಅವರು ತೊಡೆ ತಟ್ಟಿಕೊಂಡು ನಕ್ಕರು.

ನಾನು ತಟ್ಟೆ ಆಚೆ ಸರಿಸಿದೆ. ಗಂಗಜ್ಜಿ ಬಿಡಲಿಲ್ಲ. "ಏನ್ ಮಾತ್ರೀ ಅದು? ಹಲ್ಲೆಲ್ಲ ಉದುರೋದ್ರೂ ನಾಲಿಗೆ ಮಾತ್ರ ಗಟ್ಟಿಯಾಗದೆ!"

"ಬೈಬೇಡ ಕಣವ್ವ. ಹೆಸರಿಟ್ಟೋನು ನಾನಲ್ಲ, ಅಜ್ಜಂಪುರದ ಟೈಲರ್ ರೇವಣ್ಣ. ಇನ್ನೂ ಅವ್ನೆ. ಹೋಗಿ ಅವನ ಕಿವಿ ಹಿಂಡು."

ನೇರವಾಗಿ ತರೀಕೆರೆಗೆ ಹೋಗಬೇಕಿದ್ದವರು ಹಾಗಾಗಿ ಬೀರೂರಿನ ಮೇಲೆ ಅಜ್ಜಂಪುರದ ಬಸ್ಸು ಹತ್ತಿದೆವು. ನನಗೆ ಬೇಡವಾಗಿತ್ತು. "ಬೇರು ಕೀಳದೆ ಸೊಪ್ಪು ತರಿದ್ರೆ ಏನ್ ಬಂತು ಅತ್ತಿಗೆ?" ಎಂದು ಗಂಗಜ್ಜಿ ಎಳೆದುಕೊಂಡು ಹೋದಳು. ದಾರಿಯಲ್ಲಿ ಈರುಳ್ಳಿ ಹೊಲಗಳು, ಬಸ್ಸಿನಲ್ಲಿ ಸಂತೆಗೆ ಹೋಗುವ ಮೂಟೆಗಳು. ಕಾಲಿಡಲು ಜಾಗವಿರಲಿಲ್ಲ.

ರೇವಣ್ಣನವರ ಅಂಗಡಿ ಪೇಟೆ ಬೀದಿಯಲ್ಲಿ ಸಿಕ್ಕಿತು. ಒಂದೇ ಮಿಷನ್ನು, ಗೋಡೆಗೆ ಮೂರು ಖಾಕಿ ಅಂಗಿ. ಗಂಗಜ್ಜಿ ನಾವು ಯಾರೆಂದು ಹೇಳಿದ್ದೇ ತಡ, ಅವರು ಕೊರಳಿನ ಟೇಪು ತೆಗೆದಿಟ್ಟು ಎದ್ದು ನಿಂತು ನನಗೊಂದು ಸಲ್ಯೂಟ್ ಹೊಡೆದರು. ನಾನು ಸೆರಗು ಎಳೆದುಕೊಂಡು ಗಂಗಜ್ಜಿಯ ಹಿಂದೆ ಸರಿದೆ.

"ಸಲ್ಯೂಟ್ ಆಮೇಲಾಯ್ತು. ನಮ್ಮಣ್ಣಂಗೆ ಕೋತಿ ಅಂತ ಹೆಸರಿಟ್ಟಿದ್ದು ನೀವಂತೆ?"

"ನಾನೇ ಕಣವ್ವ" ಎಂದು ರೇವಣ್ಣ ನಕ್ಕರು. ನಮ್ಮನ್ನು ಕೂರಿಸಿ, ಮಂಡಕ್ಕಿ ತರಿಸಿ, ಹೇಳಿದರು.

"ಗುಡ್ಡದ ಹಿಂದೆ ಗುಂಡು ಹೊಡೆಯೋ ಅಭ್ಯಾಸ ಇತ್ತು. ಕಡೂರು, ತರೀಕೆರೆ, ಅಜ್ಜಂಪುರ, ಮೂರೂ ದಳದೋರು ಬಂದಿದ್ವಿ. ಹೊಡೆದ ಮೇಲೆ ಉದುರೋ ಖಾಲಿ ಹಿತ್ತಾಳೆ ಚಿಪ್ಪಿಗೆ ಖೋಕಾ ಅಂತೀವಿ. ಎಷ್ಟು ಗುಂಡು ಕೊಟ್ಟಿದ್ರೋ ಅಷ್ಟು ಖೋಕಾ ವಾಪಸ್ ಕೋತ್‌ಗೆ ಹೋಗ್ಬೇಕು. ಅವತ್ತು ಒಂದು ಕಮ್ಮಿ ಬಂತು. ಸಾಹೇಬರೇ 'ಹೋಗ್ಲಿ ಬಿಡ್ರೀ' ಅಂದ್ರು. ನಿಮ್ಮಣ್ಣ ಜಪ್ಪಯ್ಯ ಅನ್ಲಿಲ್ಲ. ಎಲ್ರನ್ನೂ ಸಾಲಾಗಿ ಕುಕ್ಕರುಗಾಲಲ್ಲಿ ಕೂರ್ಸಿ, ಹುಲ್ಲು ಬಿಡಿಸಿ ಬಿಡಿಸಿ ಹುಡುಕ್ಸಿದ್ರು. ತಾವೇ ಎಲ್ರಿಗಿಂತ ಮುಂದೆ ಮಂಡಿಯೂರಿ ಕೂತಿದ್ರು. ನಾನಂದೆ, 'ಲೇ, ಕೋತಿಗಳು ಹೇನು ಹೆಕ್ದಂಗೆ ಹೆಕ್ತಾ ಇದೀವಲ್ರೋ, ಇವರು ಕೋತ್ ಬಸಪ್ಪ ಅಲ್ಲ ಕಣ್ರೋ, ಕೋತಿ ಬಸಪ್ಪ' ಅಂತ. ಎಲ್ಲಾ ಬಿದ್ದು ಬಿದ್ದು ನಕ್ರು. ಅವರೂ ನಕ್ರು."

"ಸಿಕ್ತಾ?" ಎಂದೆ. ನಾನೇ ಕೇಳಿದ್ದು.

"ಸಿಕ್ತು ತಾಯಿ. ಎಲ್ಲಿ ಗೊತ್ತಾ? ನನ್ನ ಪ್ಯಾಂಟಿನ ಕೆಳಗಿನ ಮಡಿಕೇಲಿ! ಹಾರಿ ಬಿದ್ದಿದ್ದು ನನಗೇ ಗೊತ್ತಿಲ್ಲ. ಅವತ್ತು ಹಂಗೇ ಮನೆಗೆ ಹೋಗಿ, ಆಮೇಲೆ ಯಾರಾದ್ರೂ ನೋಡಿದ್ರೆ ನಾನು ಕಳ್ಳ ಆಗ್ತಿದ್ದೆ. ಖಾಕಿ ಬಿಚ್ಚಿಸೋರು." ಅವರ ದನಿ ಸಣ್ಣದಾಯಿತು. "ಅದು ಬೈಗುಳ ಅಲ್ಲ ತಾಯಿ. ಅವರಿದ್ದಷ್ಟು ದಿನ ಮೂರು ದಳದಲ್ಲಿ ಒಂದು ಖೋಕಾನೂ ಕಳೀಲಿಲ್ಲ, ಒಬ್ಬನ ಮೇಲೂ ಕಳ್ಳ ಅನ್ನೋ ಮಾತು ಬರ್ಲಿಲ್ಲ."

ಕಿವಿ ಹಿಂಡಲು ಬಂದ ಗಂಗಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಮಂಡಕ್ಕಿಗೆ ಖಾರ ಜಾಸ್ತಿ" ಎಂದಳು. ನನಗೆ ನೆನಪಾಯಿತು: ಒಂದು ದಿನ ನಿಮ್ಮ ತಾತ ಪ್ಯಾಂಟಿನ ಎರಡೂ ಮಂಡಿಯ ಮೇಲೆ ಹಸಿರು ಕಲೆ ಮಾಡಿಕೊಂಡು ಬಂದಿದ್ದರು. ಏನಾಯಿತು ಎಂದು ಕೇಳದೆ, ಗೊಣಗಿಕೊಂಡು ಒಗೆದು ಹಾಕಿದ್ದೆ.

ಅಲ್ಲಿಂದ ತರೀಕೆರೆಗೆ ಖಾಸಗಿ ಬಸ್ಸು. ಅದರಲ್ಲಿ ಆಧಾರ್ ಕಾರ್ಡು ನಡೆಯಲಿಲ್ಲ, ಟಿಕೆಟ್ ತೆಗೆದುಕೊಂಡೆವು. ಇಳಿಯುವಾಗ ತುಂತುರು ಹನಿಯುತ್ತಿತ್ತು. ಕವಿತಾ ಬಾಗಿಲಲ್ಲೇ ಕಾಯುತ್ತಿದ್ದರು. ವಾರದ ಉಳಿದ ದಿನ ಶಾಲೆಯ ಮೇಡಂ, ಭಾನುವಾರ ಖಾಕಿ.

ಕೋತ್ ಎಂದರೆ ದೊಡ್ಡ ಕೋಟೆಯೇನಲ್ಲ, ಒಂದು ಉದ್ದನೆಯ ಕೋಣೆ. ಮೊದಲು ಕಾಳು ತುಂಬುವ ಸರ್ಕಾರಿ ಉಗ್ರಾಣವಾಗಿತ್ತಂತೆ. ಗೋಡೆ ಎರಡು ಮೊಳ ದಪ್ಪ. ತರೀಕೆರೆಯ ದಳ ಮೊದಲು ಹುಟ್ಟಿತು, ಆಮೇಲೆ ಕಡೂರಿನದು, ಕೊನೆಗೆ ಅಜ್ಜಂಪುರದ್ದು. ಆ ಎರಡು ಊರಿನಲ್ಲಿ ಇಂಥ ಗೋಡೆಯಿರಲಿಲ್ಲ. ಹಾಗಾಗಿ ಮೂರು ದಳದ ಬಂದೂಕೂ ಇಲ್ಲೇ. ಕವಾಯತಿನ ದಿನ ಅವು ಬೆಳಿಗ್ಗೆ ಜೀಪಿನಲ್ಲಿ ಹೋಗಿ ಸಂಜೆಗೆ ಮರಳಬೇಕು. ಈಗ ಬಂದೂಕು ಕಡಿಮೆ, ಪ್ರವಾಹಕ್ಕೆ ಬೇಕಾದ ಹಗ್ಗ, ತೇಲುವ ಅಂಗಿಗಳೇ ಹೆಚ್ಚು. ಹೊಳೆ ಏರಿದಾಗ ಲಕ್ಕವಳ್ಳಿ ಕಡೆಗೆ ಮೂರು ದಳವೂ ಒಟ್ಟಿಗೆ ಹೋಗಿ ಜನರನ್ನು ದಾಟಿಸಿದ್ದನ್ನು ಕವಿತಾ ಹೇಳಿದರು. ಸರಪಳಿ ಹಾಕಿದ ಹಳೆಯ ಬಂದೂಕುಗಳ ಮರದ ಹಿಡಿ ಸವೆದು ಹೊಳೆಯುತ್ತಿತ್ತು. ಎಲ್ಲಿಯೂ ಒಂದು ಚುಕ್ಕೆ ತುಕ್ಕಿಲ್ಲ. "ತಾತ ಹಾಕಿಕೊಟ್ಟ ಅಭ್ಯಾಸ ಅಜ್ಜಿ, ಈಗಲೂ ಅದೇ ನಡೀತಿದೆ" ಎಂದರು.

ಹೊರಗೆ ಬಾಗಿಲ ಪಕ್ಕದಲ್ಲಿ ಪೇಂಟರ್ ನಜೀರ್ ಸಾಬರು ಏಣಿಯ ಮೇಲಿದ್ದರು. "ಹೆಸರು ಹೇಳಿ ಅಮ್ಮಾ" ಎಂದರು. ಗಂಡನ ಹೆಸರನ್ನು ನಾನು ಬಾಯಲ್ಲಿ ಹೇಳಿದವಳಲ್ಲ. ಸೀಮೆಸುಣ್ಣ ಇಸಿದುಕೊಂಡು ಜಗುಲಿಯ ಕಲ್ಲಿನ ಮೇಲೆ 'ಯಗಟಿ ಬಸಪ್ಪ' ಎಂದು ಬರೆದೆ.

"ಮುಂದೆ 'ಕೋತ್' ಅಂತ ಸೇರಿಸ್ತೀವಿ ಅಜ್ಜಿ" ಎಂದರು ಕವಿತಾ.

ಸಾಬರು ಕುಂಚ ಎತ್ತಿಕೊಂಡು ತುಂಟ ನಗೆ ನಕ್ಕರು. "ನಮ್ಮಪ್ಪನೂ ಈ ದಳದೋರೇ. ಅವರು ಕರೀತಿದ್ದ ಹೆಸರೇ ಬೇರೆ. 'ತ್'ಗೆ ಒಂದು ಗುಡಿಸು ಕೊಡ್ಲಾ ಅಮ್ಮಾ?"

"ಸಾಬ್ರೇ! ಸರ್ಕಾರಿ ಗೋಡೆ ಅದು" ಎಂದು ಕವಿತಾ ಗದರಿದರು. ಆಮೇಲೆ ಎಲ್ಲರೂ ನನ್ನ ಮುಖ ನೋಡಿದರು.

ಬೆಳಿಗ್ಗೆಯಾಗಿದ್ದರೆ ನಾನು ಅತ್ತುಬಿಡುತ್ತಿದ್ದೆನೇನೋ. "ಗೋಡೆಗೆ ಕೋತ್ ಸಾಕು ಸಾಬ್ರೇ" ಎಂದೆ. "ಗುಡಿಸು ಅವರ ಜೊತೆ ಹುಲ್ಲು ಹೆಕ್ಕಿದೋರ್ದು. ಅದು ಅವರ ಬಾಯಲ್ಲೇ ಇರ್ಲಿ." ಅಷ್ಟು ಜನರ ಮುಂದೆ ಅಷ್ಟು ಮಾತಾಡಿದ್ದು ಇದೇ ಮೊದಲು. ಗಂಗಜ್ಜಿ ನನ್ನನ್ನು ಹೊಸಬಳನ್ನು ನೋಡುವಂತೆ ನೋಡಿದಳು.

ಸಾಬರು 'ಕೋತ್' ಬರೆದು ಮುಗಿಸುವ ತನಕ ನಿಂತಿದ್ದು, ನಾಲ್ಕು ಗಂಟೆಯ ಬಸ್ಸಿಗೆ ಹೊರಟೆವು. ಬೀದಿಯ ತಿರುವಿನಲ್ಲಿ ತಿರುಗಿ ನೋಡಿದೆ. ಬಣ್ಣ ಇನ್ನೂ ಹಸಿ. ತುಂತುರು ತಾಗದಂತೆ ಕವಿತಾ ಅದಕ್ಕೆ ತಮ್ಮ ಕೊಡೆ ಹಿಡಿದು ನಿಂತಿದ್ದರು.

ಚೇತನ, ಇನ್ನು ಯಾರಾದರೂ ನಿನ್ನನ್ನು ಕೋತಿ ಬಸಪ್ಪನ ಮೊಮ್ಮಗ ಎಂದರೆ ಅಂಗಿ ಹರಿದುಕೊಳ್ಳಬೇಡ. ಹೌದು ಅನ್ನು.