ಮೊಟ್ಟೆಚಿಪ್ಪಿನ ಭೂಮಿ

ಎಪ್ಪತ್ತರ ದಶಕ, ಆದೋನಿಯ ಶಾಲೆ. ನನ್ನ ಗೆಳತಿ ಮನೆಯಿಂದ ತಂದಿದ್ದ ಬೇಯಿಸಿದ ಮೊಟ್ಟೆಯನ್ನು ಭೂಗೋಳದ ಮೇಷ್ಟ್ರು ಮೇಜಿಗೆ ತಟ್ಟಿ ನನ್ನ ಕೈಗಿಟ್ಟರು. ಒಳಗಿನ ಹಳದಿಯೇ ಭೂಮಿಯ ಗರ್ಭ, ಬಿಳಿಯೇ ನಡುಪದರ, ಚಿಪ್ಪು ನಾವಿರುವ ನೆಲ. ಒತ್ತಿದರೆ ಬಿರುಕುಬಿಟ್ಟ ತುಂಡುಗಳು ಜರುಗಿದವು.

"ಒಳಗಿನ ಬಿಸಿಗೆ ನೆಲದ ಫಲಕಗಳೂ ಹಿಂಗ ಸರೀತಾವ. ಉಗುರು ಬೆಳದಷ್ಟು ನಿಧಾನ," ಎಂದರು.

ನಮ್ಮದು ಅರ್ಚಕರ ಮನೆ. ಸಂಜೆ ಹಿಗ್ಗಿನಿಂದ ಮೊಟ್ಟೆಯ ಪಾಠ ಹೇಳಿದ್ದೇ ತಡ, ಅಮ್ಮ ನನ್ನನ್ನು ಬೀದಿಬಾಗಿಲಲ್ಲೇ ನಿಲ್ಲಿಸಿ, ಲಂಗದ ಸಮೇತ ತಲೆಯ ಮೇಲೆ ತಣ್ಣೀರು ಸುರಿದಳು. ಹಾಳು ಮಡಿ! ಆಟಕ್ಕೆ ಕರೆಯಲು ಬಂದ ಗೆಳತಿ ಎದುರಿಗೇ ನಿಂತಿದ್ದಳು.

"ನಮ್ಮನಿ ಮೊಟ್ಟಿ ಮುಟ್ಟಿದ್ದಕ್ಕೇನ?" ಎಂದು ಕೇಳಿದಳು. ನಾನು ನಾಚಿ ಒದ್ದೆ ಲಂಗದಲ್ಲೇ ಒಳಗೋಡಿದೆ.

ಮರುದಿನ ಬೆಂಚಿನಲ್ಲಿ ಆಕೆ ನನ್ನಿಂದ ಕೊಂಚ ಸರಿದು ಕೂತಳು. ಉಗುರಿನಷ್ಟೇ. ಮತ್ತೆ ಹತ್ತಿರ ಬರಲಿಲ್ಲ.